ಚಿತ್ರದ ಪಿರಿಯಡ್ಡು ಮರಳಿ ಬರಲಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆಯ ಇತಿಹಾಸವನ್ನೋ ಹಿರಿಯ ಅಧ್ಯಾಪಕರ ಸೇವೆಯನ್ನೋ ಕುರಿತು ನಾನು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ಅನೇಕರಿದ್ದಾರೆ. ನಾನು ಬರೆಯಹೊರಟಿರುವುದು ಜಲವರ್ಣ ಚಿತ್ರಕಲೆಯ ಮೊದಲ ಪಾಠಗಳನ್ನು ಕುರಿತು. ಎಪ್ಪತ್ತು ದಾಟಿದ ನಿವೃತ್ತ ಮುಖ್ಯೋಪಾಧ್ಯಾಯನಿಗೆ ಇದೇನು ಹೊಸ ಹುಚ್ಚು ಎಂದು ವಾಚಕರು ನಗಬಹುದು. ಆದರೆ ಕಾರಣವುಂಟು. ಈ ಶಾಲೆಯ ವೇಳಾಪಟ್ಟಿಯಿಂದ ಚಿತ್ರಕಲೆಯ ಪಿರಿಯಡ್ಡನ್ನು ತೆಗೆದುಹಾಕಿದವನು ನಾನೇ. ಅದು ತಪ್ಪಾಗಿತ್ತೆಂದು ಈಗ ನನಗೆ ಮನವರಿಕೆಯಾಗಿದೆ. ಆ ತಪ್ಪನ್ನು ತಿದ್ದುವ ಅಧಿಕಾರ ಇಂದು ನನ್ನ ಕೈಯಲ್ಲಿಲ್ಲ; ಈ ಸಂಚಿಕೆಯನ್ನು ಓದುವ ನಿಮ್ಮ ಕೈಯಲ್ಲಿದೆ.

ನಾನು ಗುಂಡ್ಲುಪೇಟೆಯ ಕಡೆಯವನು. 1967ರಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಶಿಕ್ಷಕರ ತರಬೇತಿ ಪಡೆದು, ಶಾಲೆ ಆರಂಭವಾದ ಮರುವರ್ಷ, ಎಂದರೆ 1976ರ ಜೂನ್ ತಿಂಗಳಲ್ಲಿ, ಬಂಡೀಪುರ, ಉದಕಮಂಡಲ, ಮೇಟ್ಟುಪಾಳಯಂಗಳ ದಾರಿಯಾಗಿ ಬಸ್ಸು ಬದಲಿಸುತ್ತ ಕಿಣತ್ತುಕಡವಿಗೆ ಬಂದಿಳಿದೆ. ಕಿಣರು ಎಂದರೆ ತಮಿಳಿನಲ್ಲಿ ಬಾವಿ ಎಂಬುದನ್ನು ಅಂದೇ ಯಾರೋ ಹೇಳಿಕೊಟ್ಟರು. ನನ್ನ ತಗಡಿನ ಪೆಟ್ಟಿಗೆಯಲ್ಲಿ ಎರಡು ಜೊತೆ ಬಟ್ಟೆ, ಪಾಠದ ಟಿಪ್ಪಣಿ ಪುಸ್ತಕಗಳು ಮತ್ತು ಹನ್ನೆರಡು ಬಿಲ್ಲೆಗಳ ಒಂದು ಬಣ್ಣದ ಡಬ್ಬಿ ಇದ್ದವು. ಆ ಡಬ್ಬಿ ನನ್ನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಕೊಟ್ಟದ್ದು. ನಮ್ಮ ಶಾಲೆಗೆ ಚಿತ್ರಕಲಾ ಅಧ್ಯಾಪಕರ ಹುದ್ದೆ ಇರಲಿಲ್ಲ. ಡಬ್ಬಿ ಇದ್ದವನು ನಾನೊಬ್ಬನೇ ಆದ್ದರಿಂದ ಶುಕ್ರವಾರದ ಕಡೆಯ ಪಿರಿಯಡ್ಡು ನನ್ನ ಪಾಲಿಗೆ ಬಂತು.

ನಮ್ಮ ಮಕ್ಕಳ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಒಕ್ಕಲಿಗ ಗೌಡರ ಮನೆಯವರಾಗಲಿ, ನೇಯ್ಗೆಯ ದೇವಾಂಗರ ಮನೆಯವರಾಗಲಿ, ಹಲವು ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಂದವರು. ನಾಲಗೆಯ ಮೇಲೆ ಕನ್ನಡವಿದ್ದರೂ ಪುಸ್ತಕದ ಕನ್ನಡ ಎದುರಾದೊಡನೆ ಮಕ್ಕಳು ಬಾಯಿ ಮುಚ್ಚಿಬಿಡುತ್ತಿದ್ದರು. ತಾವು ಆಡುವುದು ತಪ್ಪು ಕನ್ನಡವೆಂಬ ಅಂಜಿಕೆ ಅವರಿಗೆ. ಆದರೆ ಶುಕ್ರವಾರದ ಆ ಪಿರಿಯಡ್ಡಿನಲ್ಲಿ ಅಂಜಿಕೆ ಹೇಗೋ ಬಿಟ್ಟುಹೋಗುತ್ತಿತ್ತು. ಒಮ್ಮೆ ಒಬ್ಬ ಹುಡುಗ ತನ್ನ ಚಿತ್ರವನ್ನು ತಂದು, "ಸಾರ್, ವಾನಂ ಕಲಸಿಹೋಯ್ತು" ಎಂದ. ನಾನು ಗದರಲಿಲ್ಲ. ಕರಿಹಲಗೆಯ ಮೇಲೆ 'ವಾನಂ' ಎಂದೂ ಅದರ ಪಕ್ಕದಲ್ಲಿ 'ಬಾನು' ಎಂದೂ ಬರೆದೆ. ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವುದನ್ನು ತೋರಿಸಿದೆ. ತಮಿಳಿನ 'ಪಚ್ಚೈ', ಹಳಗನ್ನಡದ 'ಪಸುರ್', ಇಂದಿನ 'ಹಸುರು' ಒಂದೇ ಬೇರಿನವೆಂದು ಹೇಳಿದೆ. ವ್ಯಾಕರಣದ ತರಗತಿಯಲ್ಲಿ ತೂಕಡಿಸುತ್ತಿದ್ದ ಮಕ್ಕಳು ಅಂದು ಕಣ್ಣರಳಿಸಿ ಕೇಳಿದರು. ಎಳೆಹಸುರು, ಗಿಣಿಹಸುರು, ಪಾಚಿಹಸುರು, ನಸುಗೆಂಪು, ಕಡುಗೆಂಪು, ಕಾವಿ, ಬೂದಿ, ನೇರಳೆ ಎಂಬ ಮಾತುಗಳು ಅವರ ಬಾಯಿಗೆ ಬಂದದ್ದು ಪಠ್ಯಪುಸ್ತಕದಿಂದಲ್ಲ. ಬಣ್ಣ ಕಲಸುವ ತಟ್ಟೆಯಿಂದ.

ಹೀಗೆ ಮೂವತ್ತು ವರ್ಷ ನಡೆದ ಪಿರಿಯಡ್ಡನ್ನು ನಾನೇಕೆ ತೆಗೆದೆ? 2006ರಲ್ಲಿ ತಮಿಳು ಕಲಿಕೆಯ ಕಾಯಿದೆ ಬಂದಿತು. 2006-07ರಲ್ಲಿ ಒಂದನೆಯ ತರಗತಿಯಿಂದ ಮೊದಲ್ಗೊಂಡು ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಯಿತು. ಈ ನೆಲದಲ್ಲಿ ಬದುಕುವ ಮಕ್ಕಳು ಈ ನೆಲದ ಭಾಷೆಯನ್ನು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ನನಗೆ ಅಂದೂ ಭಿನ್ನಾಭಿಪ್ರಾಯವಿರಲಿಲ್ಲ, ಇಂದೂ ಇಲ್ಲ. ಆದರೆ ವೇಳಾಪಟ್ಟಿಯಲ್ಲಿ ಜಾಗ ಹುಡುಕಬೇಕಾಗಿತ್ತು. ಕನ್ನಡವನ್ನು ಕಡಿಮೆ ಮಾಡುವಂತಿಲ್ಲ, ಗಣಿತವನ್ನು ಮುಟ್ಟುವಂತಿಲ್ಲ. ಪರೀಕ್ಷೆಯಿಲ್ಲದ ವಿಷಯ ಚಿತ್ರಕಲೆಯೊಂದೇ. ಕೆಂಪು ಶಾಯಿಯಿಂದ ಒಂದು ಗೆರೆ ಎಳೆದುಬಿಟ್ಟೆ. ಹಾಗೆ ಮಾಡೆಂದು ಯಾವ ಅಧಿಕಾರಿಯೂ ನನಗೆ ಹೇಳಿರಲಿಲ್ಲ. ಗೆರೆ ಎಳೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಐದನೆಯ ತರಗತಿಯಲ್ಲಿ ನೇಯ್ಗೆಯವರ ಮನೆಯ ಹುಡುಗಿಯೊಬ್ಬಳಿದ್ದಳು. ನಾಲ್ಕು ಸಾಲು ಪ್ರಬಂಧ ಬರೆಯಲು ಅಳುತ್ತಿದ್ದವಳು, ಪೊನ್ಮಲೆಯ ಗುಡ್ಡದ ಮೇಲೆ ಮಳೆ ಬರುವುದನ್ನು ಒಂದು ಹಾಳೆಯ ಮೇಲೆ ಬರೆದು, ಅದರ ಬಗ್ಗೆ ಹತ್ತು ನಿಮಿಷ ತಡೆಯಿಲ್ಲದೆ ಕನ್ನಡದಲ್ಲಿ ಮಾತನಾಡಬಲ್ಲವಳು. ಪಿರಿಯಡ್ಡು ನಿಂತ ತಿಂಗಳು ಅವಳು ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಚಿತ್ರದ ಪಿರಿಯಡ್ಡು ಯಾವಾಗ?" ಎಂದು ಕೇಳಿದಳು. "ಪರೀಕ್ಷೆ ಮುಗಿಯಲಿ, ತಾಯಿ" ಎಂದೆ. ಪರೀಕ್ಷೆ ಮುಗಿಯಿತು, ಅವಳು ಬೇರೆ ಶಾಲೆಗೆ ಹೋದಳು, 2009ರಲ್ಲಿ ನಾನೂ ನಿವೃತ್ತನಾದೆ. ಪಿರಿಯಡ್ಡು ಮಾತ್ರ ಬರಲಿಲ್ಲ. ಅವಳು ಈ ಸಂಚಿಕೆಯನ್ನು ಓದುತ್ತಿದ್ದರೆ, ಆ ಮಾತಿಗೆ ಇದು ನನ್ನ ತಡವಾದ ಉತ್ತರವೆಂದು ತಿಳಿಯಲಿ.

ಕಳೆದ ಬೇಸಿಗೆ ರಜೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮಗಳನ್ನೂ ಅವಳ ಮೂವರು ಗೆಳತಿಯರನ್ನೂ ನನ್ನ ಮನೆಯ ಜಗುಲಿಗೆ ಕರೆತಂದರು. ಮಕ್ಕಳ ಕೈಯಲ್ಲಿ ನನ್ನ ಕಾಲದಲ್ಲಿ ಕನಸಿನಲ್ಲಿಯೂ ಕಾಣದಂಥ ಬಣ್ಣದ ಪೆಟ್ಟಿಗೆಗಳಿದ್ದವು. ಮೊಬೈಲಿನಲ್ಲಿ ನೂರಾರು ಚಿತ್ರಪಾಠಗಳನ್ನು ನೋಡಿದ್ದರು. ಆದರೂ ನಾಲ್ವರ ಹಾಳೆಗಳೂ ಕೆಸರಾಗಿದ್ದವು. ಅವರಿಗೆ ತಿಳಿಯದೆ ಇದ್ದದ್ದು ಒಂದೇ: ಕಾಯುವುದು. ಮೊಬೈಲಿನ ಪಾಠದಲ್ಲಿ ಬಣ್ಣ ಒಣಗುವ ಹೊತ್ತನ್ನು ಕತ್ತರಿಸಿ ತೋರಿಸುತ್ತಾರೆ. ಜಲವರ್ಣದ ವಿದ್ಯೆಯ ಅರ್ಧಭಾಗ ಇರುವುದು ಆ ಹೊತ್ತಿನಲ್ಲಿಯೇ. ಆ ಜಗುಲಿಯಲ್ಲಿ ನಾನು ಹೇಳಿಕೊಟ್ಟ ಪಾಠಗಳನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಇವು ಪಂಡಿತರಿಗಲ್ಲ. ಕುಂಚವನ್ನು ಹಿಡಿಯದ ಯಾವ ಅಧ್ಯಾಪಕರೂ ಯಾವ ತಾಯಿಯೂ ಓದಿಕೊಂಡು ಮಕ್ಕಳಿಗೆ ಹೇಳಬಹುದಾದಷ್ಟು ಸರಳವಾದವು.

ಸಾಮಗ್ರಿ

ಜಲವರ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸಿದ್ದು. ನೀರು ತಾಗಿದರೆ ಗೋಂದು ಕರಗುತ್ತದೆ, ನೀರು ಆರಿದರೆ ಬಣ್ಣವನ್ನು ಕಾಗದಕ್ಕೆ ಹಿಡಿಸುತ್ತದೆ. ಹಿಂದೆ ಚಿತ್ರಗಾರರು ಬಣ್ಣವನ್ನು ತಾವೇ ಅರೆದುಕೊಳ್ಳಬೇಕಾಗಿತ್ತು. 1780ರ ಸುಮಾರಿಗೆ ಲಂಡನ್ನಿನ ವಿಲಿಯಂ ರೀವ್ಸ್ ನೀರಿನಲ್ಲಿ ಸುಲಭವಾಗಿ ಕರಗುವ ಬಿಲ್ಲೆಗಳನ್ನು ತಯಾರಿಸಿದ ಮೇಲೆ ಈ ಕಲೆ ಜೇಬಿನಲ್ಲಿಟ್ಟು ಒಯ್ಯಬಹುದಾದ ವಿದ್ಯೆಯಾಯಿತು. ನಮ್ಮ ಮಕ್ಕಳಿಗೆ ಹನ್ನೆರಡು ಬಿಲ್ಲೆಗಳ ಸಾಮಾನ್ಯ ಡಬ್ಬಿ ಸಾಕು. ದುಂಡು ತುದಿಯ ಕುಂಚಗಳು ಎರಡು: ದೊಡ್ಡದು ಹತ್ತನೆಯ ನಂಬರಿನದು, ಚಿಕ್ಕದು ನಾಲ್ಕನೆಯದು. ಚಿಕ್ಕ ಕುಂಚದಿಂದ ಆರಂಭಿಸುವುದು ಹೊಸಬರೆಲ್ಲರ ತಪ್ಪು. ಮುಕ್ಕಾಲು ಚಿತ್ರವನ್ನು ದೊಡ್ಡದರಲ್ಲಿಯೇ ಮುಗಿಸಬೇಕು.

ನೀರಿಗೆ ಎರಡು ಲೋಟ ಬೇಕು. ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಒಂದೇ ಲೋಟವಾದರೆ ಹತ್ತು ನಿಮಿಷದಲ್ಲಿ ಹಳದಿಯೂ ಕೊಳೆಯಾಗುತ್ತದೆ. ಕುಂಚದ ನೀರನ್ನು ಒತ್ತಿಕೊಳ್ಳಲು ಹಳೆಯ ಹತ್ತಿಬಟ್ಟೆಯ ತುಂಡು. ಬಣ್ಣ ಕಲಸಲು ಬಿಳಿಯ ಪಿಂಗಾಣಿ ತಟ್ಟೆ. ಕುಂಚದ ತುದಿಯನ್ನು ಚೂಪು ಮಾಡಲು ಬಾಯಿಗೆ ಹಾಕುವ ಅಭ್ಯಾಸವನ್ನು ಮೊದಲ ದಿನವೇ ತಡೆಯಬೇಕು. ಕೆಲವು ಬಣ್ಣಗಳು ಹೊಟ್ಟೆಗೆ ಹೋಗತಕ್ಕವಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಗದ. ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದ ನೀರನ್ನು ಚೆನ್ನಾಗಿ ತಡೆಯುತ್ತದೆ. ಅದಕ್ಕಿಂತ ತೆಳುವಾದದ್ದು ಒದ್ದೆಯಾದೊಡನೆ ಹಪ್ಪಳದಂತೆ ಉಬ್ಬುತ್ತದೆ. ದಿನದ ಅಭ್ಯಾಸಕ್ಕೆ 150 ಗ್ರಾಮಿನ ಕಾರ್ಟ್ರಿಡ್ಜ್ ಹಾಳೆಯನ್ನು ಬಳಸಬಹುದು. ಅದನ್ನು ಮೊದಲು ನೀರಿನಲ್ಲಿ ನೆನೆಸಿ, ಹಲಗೆಯ ಮೇಲೆ ಹರಡಿ, ನಾಲ್ಕು ಅಂಚಿಗೂ ಗೋಂದಿನ ಕಾಗದಪಟ್ಟಿ ಅಂಟಿಸಿ ಒಣಗಿಸಿದರೆ ತಮಟೆಯ ಚರ್ಮದಂತೆ ಬಿಗಿಯಾಗಿ ನಿಲ್ಲುತ್ತದೆ.

ಲೇಪನ

ಮೊದಲ ಪಾಠ ಸಮಲೇಪನ. ಒಂದೇ ಬಣ್ಣವನ್ನು ಕಲೆಯಿಲ್ಲದೆ ಒಂದೇ ಸಮನಾಗಿ ಹಾಳೆಯ ಮೇಲೆ ಹರಡುವುದು. ಹಲಗೆಯ ಮೇಲ್ತುದಿಗೆ ಎರಡು ಪುಸ್ತಕಗಳನ್ನಿಟ್ಟು ತುಸು ಇಳಿಜಾರು ಮಾಡಬೇಕು. ಬೇಕಾದುದಕ್ಕಿಂತ ಹೆಚ್ಚು ಬಣ್ಣವನ್ನು ಮೊದಲೇ ಕಲಸಿಟ್ಟುಕೊಳ್ಳಬೇಕು. ನಡುವೆ ಮುಗಿದರೆ ಅದೇ ಬಣ್ಣ ಮತ್ತೆ ಕೂಡಿಬರುವುದಿಲ್ಲ. ದೊಡ್ಡ ಕುಂಚವನ್ನು ತುಂಬಿಕೊಂಡು ಎಡದಿಂದ ಬಲಕ್ಕೆ ಒಂದು ಸಾಲು ಎಳೆದರೆ ಅದರ ಕೆಳ ಅಂಚಿನಲ್ಲಿ ಬಣ್ಣದ ನೀರು ಮಣಿಯಂತೆ ನಿಲ್ಲುತ್ತದೆ. ಮುಂದಿನ ಸಾಲು ಆ ನೀರನ್ನು ತಾಕಿಕೊಂಡು ಹೋಗಬೇಕು. ಹೀಗೆ ಕೆಳಗಿನವರೆಗೆ ಬಂದು, ಕೊನೆಗೆ ಉಳಿದ ನೀರನ್ನು ಒತ್ತಿದ ಕುಂಚದಿಂದ ಹೀರಿಕೊಳ್ಳಬೇಕು. ಮೇಲೆ ಎಲ್ಲೋ ಚೂರು ಬಿಟ್ಟುಹೋಗಿದೆಯೆಂದು ಹಿಂದಕ್ಕೆ ಹೋಗಬಾರದು. ಹೋದರೆ ಇನ್ನೊಂದು ಕಲೆ ಹುಟ್ಟುತ್ತದೆಯೇ ಹೊರತು ಮೊದಲಿನದು ಮುಚ್ಚುವುದಿಲ್ಲ.

ಎರಡನೆಯದು ಇಳಿಲೇಪನ. ಪ್ರತಿ ಸಾಲಿಗೂ ಬಣ್ಣ ಕಡಿಮೆ ಮಾಡಿ ನೀರು ಹೆಚ್ಚಿಸುತ್ತ ಬಂದರೆ ಮೇಲೆ ದಟ್ಟವಾದ ನೀಲಿ ಕೆಳಗೆ ಬರಬರುತ್ತ ಕಾಗದದ ಬಿಳುಪಿನಲ್ಲಿ ಲೀನವಾಗುತ್ತದೆ. ನಮ್ಮ ಬಯಲಿನಲ್ಲಿ ಬೆಳಗ್ಗೆ ನಿಂತು ನೋಡಿ: ನೆತ್ತಿಯ ಮೇಲೆ ಬಾನು ಕಡುನೀಲಿ, ಬೆಟ್ಟದ ಸಾಲಿನ ಬಳಿ ತಿಳಿಯಾದದ್ದು. ಈ ಒಂದು ಪಾಠ ಬಂದರೆ ಮಕ್ಕಳಿಗೆ ಆಕಾಶ ಬಂದಂತೆಯೇ.

ಮೂರನೆಯದು ಒದ್ದೆಯ ಮೇಲೆ ಒದ್ದೆ. ಕಾಗದವನ್ನು ಬರಿಯ ನೀರಿನಿಂದ ತೋಯಿಸಿ ಅದರ ಮೇಲೆ ಬಣ್ಣ ಬಿಡುವುದು. ಇಲ್ಲಿ ಕಾಗದದ ಹೊಳಪೇ ಗುರು. ಹಾಳೆ ಕನ್ನಡಿಯಂತೆ ಹೊಳೆಯುವಾಗ ಬಣ್ಣ ಬಿಟ್ಟರೆ ಅದು ಹರಿದು ಎತ್ತೆತ್ತಲೋ ಹೋಗುತ್ತದೆ. ಹೊಳಪು ಅಡಗಿ ಬರಿಯ ತೇವ ಉಳಿದಾಗ ಬಿಟ್ಟರೆ ಅಂಚು ಮೃದುವಾಗಿ ಹರಡಿ ಮೋಡವಾಗುತ್ತದೆ. ಅದಕ್ಕೂ ತಡವಾಗಿ, ಅರೆ ಒಣಗಿದ ಬಣ್ಣದೊಳಗೆ ನೀರು ತುಂಬಿದ ಕುಂಚವನ್ನಿಟ್ಟರೆ ಹೂಕೋಸಿನ ಅಂಚಿನಂಥ ಕಲೆ ಮೂಡುತ್ತದೆ. ಆಡಿ ಮಾಸದಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿಬರುವ ಗಾಳಿಯೊಡನೆ ಮೋಡಗಳು ಬರುವುದನ್ನು ನಾವು ನೋಡುತ್ತೇವಲ್ಲ, ಅವುಗಳನ್ನು ಬರೆಯಲು ಇದೇ ದಾರಿ. ಚಿತ್ತಿರೈ ತಿಂಗಳ ಬಿಸಿಲಿನಲ್ಲಿ ಕಾಗದ ಕ್ಷಣಮಾತ್ರದಲ್ಲಿ ಆರುತ್ತದೆ. ಆಗ ಹಾಳೆಯ ಹಿಂಬದಿಯನ್ನೂ ತೋಯಿಸಿಕೊಳ್ಳಬೇಕು, ಇಲ್ಲವೇ ಮುಂಜಾನೆ ಕುಳಿತುಕೊಳ್ಳಬೇಕು.

ಬಿಳುಪು ಬಿಡುವುದು

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ. ಜಲವರ್ಣದಲ್ಲಿ ಬಿಳಿಯ ಬಣ್ಣವನ್ನು ಬಳಿಯುವುದಿಲ್ಲ, ಕಾಗದವನ್ನು ಬಿಟ್ಟುಕೊಡುತ್ತೇವೆ. ಗುಡ್ಡದ ಮೇಲಿನ ವೇಲಾಯುಧಸ್ವಾಮಿ ಗುಡಿಯ ಗೋಪುರಕ್ಕೆ ಬೆಳಗಿನ ಬಿಸಿಲು ಬಿದ್ದ ಮಗ್ಗುಲು ಬೆಳ್ಳಗಿರಬೇಕೆಂದರೆ, ಸುತ್ತಲಿನ ಆಕಾಶವನ್ನು ಬರೆಯುವಾಗಲೇ ಆ ಜಾಗವನ್ನು ಬಿಟ್ಟಿರಬೇಕು. ಏನನ್ನು ಬರೆಯಬಾರದೆಂಬುದನ್ನು ಬರೆಯುವುದಕ್ಕೆ ಮೊದಲೇ ನಿಶ್ಚಯಿಸಿಕೊಳ್ಳುವ ವಿದ್ಯೆ ಇದು. ಅದೇ ನಿಯಮದಿಂದ ತಿಳಿಬಣ್ಣ ಮೊದಲು, ಗಾಢಬಣ್ಣ ಆಮೇಲೆ. ತಿಳಿಯ ಮೇಲೆ ಗಾಢವನ್ನು ಹಾಕಬಹುದು. ಗಾಢದ ಮೇಲೆ ತಿಳಿಯನ್ನು ಹಾಕಲಾಗದು. ಒಂದು ಪದರ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಒಣಗಿದೆಯೇ ಎಂದು ತಿಳಿಯಲು ಬೆರಳಿನ ಹಿಂಬದಿಯನ್ನು ಮೆಲ್ಲನೆ ತಾಗಿಸಿ. ತಣ್ಣಗಿದ್ದರೆ ಇನ್ನೂ ತೇವವಿದೆ. ಒಣಗಿದ ಮೇಲೆ ಬಣ್ಣ ಒದ್ದೆಯಲ್ಲಿ ಕಂಡದ್ದಕ್ಕಿಂತ ಮಂಕಾಗುವುದರಿಂದ, ಮೊದಲೇ ತುಸು ಗಟ್ಟಿಯಾಗಿ ಕಲಸಿಕೊಳ್ಳಬೇಕು.

ಇನ್ನು ಒಣಕುಂಚ. ಕುಂಚದ ನೀರನ್ನು ಬಟ್ಟೆಗೆ ಒತ್ತಿ, ದಪ್ಪ ಬಣ್ಣವನ್ನು ತೆಗೆದುಕೊಂಡು, ಒಣ ಕಾಗದದ ಮೇಲೆ ಬೇಗನೆ ಎಳೆದರೆ ಕಾಗದದ ಉಬ್ಬುಗಳಿಗೆ ಮಾತ್ರ ಬಣ್ಣ ಹಿಡಿಯುತ್ತದೆ. ತೆಂಗಿನ ಮರದ ಕಾಂಡ, ಹಳೆಯ ಕಲ್ಲುಗೋಡೆ, ಹುಲ್ಲಿನ ಬಣವೆ ಇವುಗಳಿಗೆ ಇದು ಹೇಳಿ ಮಾಡಿಸಿದ ಕ್ರಮ. ತಪ್ಪಾದೆಡೆ ಶುದ್ಧ ನೀರಿನ ಕುಂಚದಿಂದ ತೋಯಿಸಿ ಬಟ್ಟೆಯಿಂದ ಒತ್ತಿದರೆ ಬಣ್ಣ ಸ್ವಲ್ಪ ಮಟ್ಟಿಗೆ ಮೇಲೇಳುತ್ತದೆ. ಉಜ್ಜಬಾರದು. ಹೈಸ್ಕೂಲಿನಲ್ಲಿ ನನ್ನ ಮೊದಲ ಬೆಟ್ಟವನ್ನು ನಾನು ಉಜ್ಜಿ ಉಜ್ಜಿ ಹಾಳೆಗೆ ತೂತು ಮಾಡಿದ್ದೆ. ಮೇಷ್ಟ್ರು ಬಯ್ಯದೆ, "ತಪ್ಪನ್ನು ಒಣಗಲು ಬಿಡೋ, ಒಣಗಿದ ಮೇಲೆ ನೋಡಿದರೆ ಅರ್ಧ ತಪ್ಪು ತಪ್ಪೇ ಆಗಿರುವುದಿಲ್ಲ" ಎಂದಿದ್ದರು.

ಬಣ್ಣದ ಕೂಟ

ಡಬ್ಬಿಯಲ್ಲಿರುವ ಹಸುರನ್ನು ಹಾಗೆಯೇ ಬಳಿದರೆ ಮರ ಪ್ಲಾಸ್ಟಿಕ್ಕಿನದಾಗುತ್ತದೆ. ನೀಲಿ ಹಳದಿಗಳನ್ನು ಕಲಸಿ, ಚೂರು ಕೆಂಪನ್ನೋ ಕಾವಿಯನ್ನೋ ಸೇರಿಸಿದರೆ ನಿಜವಾದ ಎಲೆಯ ಹಸುರು ಬರುತ್ತದೆ. ಬಾಳೆಯ ಸುಳಿಗೆ ಹಳದಿ ಹೆಚ್ಚು, ಹುಣಿಸೆಯ ನೆರಳಿಗೆ ನೀಲಿ ಹೆಚ್ಚು. ನೆರಳಿಗೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಸುಟ್ಟ ಕಾವಿಯನ್ನು ಕೂಡಿಸಿದರೆ ಜೀವವಿರುವ ಬೂದುಬಣ್ಣ ಸಿಗುತ್ತದೆ. ಮೂರಕ್ಕಿಂತ ಹೆಚ್ಚು ಬಣ್ಣ ಕಲಸಿದರೆ ಕೆಸರು. ದೂರದ ವಸ್ತು ತಿಳಿಯಾಗಿಯೂ ನೀಲಿಯಾಗಿಯೂ ಕಾಣುತ್ತದೆಯೆಂಬುದನ್ನು ಪುಸ್ತಕ ನೋಡಿ ಕಲಿಯಬೇಕಾಗಿಲ್ಲ. ನಮ್ಮೂರಿನಿಂದ ತೆಂಕಣ ದಿಕ್ಕಿಗೆ ನೋಡಿದರೆ ಹತ್ತಿರದ ತೋಟ ಹಸುರು, ಅದರಾಚೆಯ ದಿಣ್ಣೆ ಮಂಕುಹಸುರು, ಆನೈಮಲೆಯ ಮೊದಲ ಸಾಲು ನೀಲಿ, ಹಿಂದಿನದು ಬೂದಿ. ಒಂದೇ ನೀಲಿಯನ್ನು ನೀರಿನಿಂದ ತಿಳಿಮಾಡುತ್ತ ಹೋದರೆ ಈ ಸಾಲುಗಳೆಲ್ಲವೂ ಬರುತ್ತವೆ. ಅತಿ ದೂರದ್ದನ್ನು ಮೊದಲು, ಹತ್ತಿರದ್ದನ್ನು ಕೊನೆಗೆ ಬರೆಯಬೇಕು.

ಈ ವಿದ್ಯೆ ಕನ್ನಡಿಗರಿಗೆ ಹೊರಗಿನದಲ್ಲ. ಮೈಸೂರಿನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಜನಿಸಿದ ಕೆ. ವೆಂಕಟಪ್ಪನವರು ಮೈಸೂರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತರು. 1903ರಲ್ಲಿ ಕಲ್ಕತ್ತೆಗೆ ಬಂದ ಯೊಕೊಯಾಮ ತೈಕಾನ್ ಮೊದಲಾದ ಜಪಾನೀ ಕಲಾವಿದರ ಕ್ರಮವನ್ನು ಕಂಡು, ಬಣ್ಣ ಆರಿದ ಚಿತ್ರವನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದಿ ಮೃದುಗೊಳಿಸುವ ರೀತಿಯನ್ನು ಅವನೀಂದ್ರನಾಥರು ರೂಢಿಸಿದ್ದರು. ಅಂಥ ಗುರುವಿನಿಂದ ಕಲಿತು ಬಂದ ವೆಂಕಟಪ್ಪನವರು ಮುಂದೆ ಉದಕಮಂಡಲ, ಕೊಡೈಕನಾಲುಗಳ ಬೆಟ್ಟ, ಕೆರೆ, ಮಂಜುಗಳನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ. ನಾನು ಮೊದಲ ಸಲ ಈ ಊರಿಗೆ ಬರುವಾಗ ಬಸ್ಸಿನ ಕಿಟಕಿಯಿಂದ ಕಂಡ ಬೆಟ್ಟಗಳೇ ಆ ಚಿತ್ರಗಳಲ್ಲಿರುವುದನ್ನು ಬಹುಕಾಲದ ಮೇಲೆ ನೋಡಿ ಬೆರಗಾದೆ. ನಮ್ಮ ಮಕ್ಕಳು ದಿನವೂ ನೋಡುವ ಬೆಟ್ಟಗಳ ನೆರೆಯ ಬೆಟ್ಟಗಳು ಅವು. ಸ್ವಾತಂತ್ರ್ಯ ಹೋರಾಟಗಾರರೂ 'ತಾಯಿನಾಡು' ಪತ್ರಿಕೆಯ ಸಂಪಾದಕರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಅಷ್ಟೆಲ್ಲ ಸಾರ್ವಜನಿಕ ಕೆಲಸಗಳ ನಡುವೆಯೂ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆಯಲು ಬಿಡುವು ಮಾಡಿಕೊಂಡರು. ನಮಗೆ ವಾರಕ್ಕೆ ನಲವತ್ತು ನಿಮಿಷ ದೊರೆಯದೆಂದರೆ ನಂಬುವವರು ಯಾರು?

ಆಕ್ಷೇಪಗಳು ಬರುತ್ತವೆಂದು ಬಲ್ಲೆ. ಚಿತ್ರ ಬರೆದು ಯಾರ ಹೊಟ್ಟೆ ತುಂಬೀತು ಎನ್ನುವವರಿದ್ದಾರೆ. ನಾನು ಚಿತ್ರಗಾರರನ್ನು ತಯಾರಿಸಬೇಕೆನ್ನುತ್ತಿಲ್ಲ. ಮೂವತ್ತು ವರ್ಷದಲ್ಲಿ ನನ್ನಿಂದ ಕಲಿತವರಲ್ಲಿ ಯಾರೂ ಹೆಸರಾಂತ ಕಲಾವಿದರಾಗಲಿಲ್ಲ. ಆದರೆ ನೇಗಮಂ ಕಡೆ ಮಗ್ಗದ ಮುಂದೆ ಕೂರುವ ಹಳೆಯ ವಿದ್ಯಾರ್ಥಿಯೊಬ್ಬರು, ಸೀರೆಯ ಒಡಲಿಗೆ ಯಾವ ಅಂಚಿನ ಬಣ್ಣ ಹೊಂದುವುದೆಂದು ನೋಡುವಾಗ ಶುಕ್ರವಾರದ ತಟ್ಟೆ ನೆನಪಾಗುತ್ತದೆಂದು ಹೇಳಿದ್ದಾರೆ. ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕೆಲಸದಲ್ಲಿರುವ ಇನ್ನೊಬ್ಬರೂ ಅದನ್ನೇ ಹೇಳುತ್ತಾರೆ. ಅಧ್ಯಾಪಕರಿಲ್ಲ ಎನ್ನುವವರಿಗೆ ನನ್ನ ಉತ್ತರ: ನಾನೂ ಚಿತ್ರಕಲಾ ಅಧ್ಯಾಪಕನಾಗಿರಲಿಲ್ಲ. ಮೇಲೆ ಬರೆದಷ್ಟನ್ನು ಕಲಿಯಲು ಒಂದು ಬೇಸಿಗೆ ರಜೆ ಸಾಕು. ಪರೀಕ್ಷೆಗೆ ತೊಡಕು ಎನ್ನುವವರಿಗೆ ನಾನು ಸಾಕ್ಷಿ ಹೇಳಬಲ್ಲೆ. ಪಿರಿಯಡ್ಡನ್ನು ತೆಗೆದ ಮೇಲಿನ ಮೂರು ವರ್ಷ ನಾನೇ ಮುಖ್ಯೋಪಾಧ್ಯಾಯನಾಗಿದ್ದೆ. ಕನ್ನಡದ ಅಂಕಗಳು ಮೇಲೇರಲಿಲ್ಲ. ಕನ್ನಡದಲ್ಲಿ ತಾವಾಗಿ ಬಾಯಿ ಬಿಡುತ್ತಿದ್ದ ಮಕ್ಕಳ ಸಂಖ್ಯೆ ಮಾತ್ರ ಇಳಿಯಿತು.

ಕನ್ನಡ ಶಾಲೆಯೊಂದು ಪರನಾಡಿನಲ್ಲಿ ಉಳಿಯುವುದು ಕೇವಲ ಪಠ್ಯಪುಸ್ತಕದಿಂದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಗು ಅಂಜಿಕೆಯಿಲ್ಲದೆ, ಅಂಕದ ಆಸೆಯಿಲ್ಲದೆ, ತನಗೆ ಹೇಳಬೇಕೆನಿಸಿದ್ದನ್ನು ಕನ್ನಡದಲ್ಲಿ ಹೇಳುವ ಗಳಿಗೆಯೊಂದು ವಾರದಲ್ಲಿ ಇರಬೇಕು. ಅಂಥ ಗಳಿಗೆ ನಮ್ಮಲ್ಲಿ ಇತ್ತು. ಬಣ್ಣ ಒಣಗಲೆಂದು ಕಾಯುವ ಆ ಐದು ಹತ್ತು ನಿಮಿಷಗಳಲ್ಲಿ ಮಕ್ಕಳು ಮಾಡುತ್ತಿದ್ದುದೇನು? ಪಕ್ಕದವರ ಚಿತ್ರವನ್ನು ನೋಡುತ್ತ ಮಾತನಾಡುತ್ತಿದ್ದರು. ಅದು ಕನ್ನಡದ ಮಾತು. ಗದ್ದಲವೆಂದು ನಾನು ಎಷ್ಟೋ ಸಲ ಮೇಜು ಕುಟ್ಟಿದ್ದೇನೆ. ಅದೇ ನಮ್ಮ ಶಾಲೆಯ ಅತ್ಯುತ್ತಮ ಭಾಷಾಪಾಠವಾಗಿತ್ತೆಂದು ಆಗ ಹೊಳೆಯಲಿಲ್ಲ.

ಆದ್ದರಿಂದ ಮಹೋತ್ಸವ ಸಮಿತಿಯವರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ಬಿನ್ನಹ. ಉತ್ಸವದ ಖರ್ಚು ಕಳೆದು ಉಳಿಯುವ ಹಣದಲ್ಲಿ ಶಾಲೆಯ ಮುಂದೆ ಸಿಮೆಂಟಿನ ಸ್ವಾಗತ ಕಮಾನು ಕಟ್ಟಿಸಬೇಕೆಂಬ ಆಲೋಚನೆ ಇದೆಯೆಂದು ಕೇಳಿದ್ದೇನೆ. ಕಮಾನಿಗೆ ನನ್ನ ವಿರೋಧವಿಲ್ಲ; ಆದರೆ ಅದು ಎರಡನೆಯದಾಗಲಿ. ಮೊದಲು ಒಂದು ಸಣ್ಣ ಲೆಕ್ಕ ನೋಡಿ. 22 ಅಂಗುಲ ಅಗಲ, 30 ಅಂಗುಲ ಉದ್ದದ ಪೂರ್ಣ ಹಾಳೆಯನ್ನು ಎಂಟು ತುಂಡು ಮಾಡಿದರೆ ಒಂದೊಂದೂ ಹನ್ನೊಂದು ಅಂಗುಲಕ್ಕೆ ಏಳೂವರೆ ಅಂಗುಲ. ಮಗುವಿನ ಚಿತ್ರಕ್ಕೆ ಅದು ಧಾರಾಳ. ಮೂವತ್ತು ಮಕ್ಕಳ ತರಗತಿಗೆ ನಾಲ್ಕು ಹಾಳೆ ಸಾಕು. ಎರಡೂ ಬದಿಯನ್ನು ಬಳಸಿದರೆ ಎರಡು ವಾರಕ್ಕೆ ನಾಲ್ಕು. ಮೂವತ್ತು ವಾರಗಳ ಒಂದು ವರ್ಷಕ್ಕೆ ಅರವತ್ತು ಹಾಳೆ. ಡಬ್ಬಿಗಳನ್ನು ಇಬ್ಬರಿಗೊಂದರಂತೆ ಹಂಚಿಕೊಂಡರೆ ಹದಿನೈದು. ಲೋಟ, ತಟ್ಟೆ, ಹಳೆಯ ಬಟ್ಟೆ ಮನೆಗಳಿಂದ ಬರುತ್ತವೆ. ನೀರಿಗೆ ಹಣ ಬೇಡ. ಕಮಾನಿಗೆ ತಗಲುವ ಖರ್ಚಿನ ಒಂದು ಚೂರಿನಲ್ಲಿ ಈ ಪಿರಿಯಡ್ಡು ಅನೇಕ ವರ್ಷ ನಡೆದೀತು.

ನನ್ನ ಕಾಲಿನಲ್ಲಿ ಇನ್ನೂ ಶಾಲೆಯವರೆಗೆ ನಡೆಯುವಷ್ಟು ಶಕ್ತಿ ಇದೆ. ಶುಕ್ರವಾರದ ಕಡೆಯ ಪಿರಿಯಡ್ಡನ್ನು ಮರಳಿ ಕೊಡುವುದಾದರೆ, ತಕ್ಕ ಅಧ್ಯಾಪಕರು ದೊರೆಯುವವರೆಗೆ ಸಂಬಳವಿಲ್ಲದೆ ನಾನೇ ಬಂದು ಕಲಿಸಲು ಸಿದ್ಧನಿದ್ದೇನೆ. ಕೆಂಪು ಶಾಯಿಯ ಆ ಗೆರೆ ಒಣಗಿ ಬಹಳ ವರ್ಷವಾಯಿತು. ಒಣಗಿದ ಬಣ್ಣವನ್ನೂ ನೀರು ತೋಯಿಸಿ, ತಾಳ್ಮೆಯಿಂದ ಒತ್ತಿ ಎತ್ತಬಹುದೆಂದು ಮೇಲೆ ಬರೆದಿದ್ದೇನೆ. ನೀವು ಮನಸ್ಸು ಮಾಡಬೇಕು.

ಶಾಲೆಯು ಶತಮಾನೋತ್ಸವವನ್ನು ಕಾಣಲಿ. ಅಂದಿನ ಸ್ಮರಣ ಸಂಚಿಕೆಯ ಮುಖಪುಟಕ್ಕೆ ನಮ್ಮ ಮಕ್ಕಳೇ ಬರೆದ ಪೊನ್ಮಲೆಯ ಜಲವರ್ಣ ಚಿತ್ರವಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.